ಅಳಿವೆಯ ಹೂಳಿಗೆ ಯಾವ ಸಚಿವರು ಉತ್ತರ ಕೊಡಬೇಕು?

ಪ್ರಶ್ನೆ: ನಮ್ಮೂರಿನ ಮೀನುಗಾರಿಕೆ ಬಂದರಿನ ಅಳಿವೆಯಲ್ಲಿ ಹೂಳು ತುಂಬಿದೆ. ಇಳಿತದ ಹೊತ್ತಿಗೆ ಬಂದ ಬೋಟುಗಳು ನೀರು ಏರುವವರೆಗೆ ಹೊರಗೇ ಕಾಯಬೇಕು. ಬಂದರಿಗೆ ಹೋಗುವ ರಸ್ತೆಯೂ ಕೆಟ್ಟಿದೆ. ಸಂಸದರನ್ನು ಕೇಳಿದರೆ ಇದು ರಾಜ್ಯದ ವಿಷಯ ಎನ್ನುತ್ತಾರೆ, ಶಾಸಕರನ್ನು ಕೇಳಿದರೆ ಕೇಂದ್ರದಿಂದ ಹಣ ಬರಬೇಕು ಎನ್ನುತ್ತಾರೆ. ಸದನದಲ್ಲಿ ಯಾರು ಯಾರನ್ನು ಕೇಳಬೇಕು?
(ಕುಂದಾಪುರ ತಾಲ್ಲೂಕಿನ ಓದುಗರು)

ಉತ್ತರ: ಇಬ್ಬರೂ ಹೇಳಿದ್ದರಲ್ಲಿ ಅರ್ಧ ಸತ್ಯವಿದೆ, ಆ ಎರಡು ಅರ್ಧಗಳ ನಡುವೆ ನಿಮ್ಮ ಮನವಿ ಸಿಕ್ಕಿಕೊಂಡಿದೆ. ಸಂವಿಧಾನದ ಏಳನೇ ಅನುಸೂಚಿಯ ಪ್ರಕಾರ ಪ್ರಮುಖ ಬಂದರುಗಳು ಕೇಂದ್ರ ಪಟ್ಟಿಯಲ್ಲಿವೆ, ಉಳಿದ ಬಂದರುಗಳು ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿವೆ. ಮೀನುಗಾರಿಕೆ ರಾಜ್ಯ ಪಟ್ಟಿಯಲ್ಲಿದೆ, ಆದರೆ ಪ್ರಾದೇಶಿಕ ಜಲದ ಆಚೆಗಿನ, ಅಂದರೆ 12 ನಾಟಿಕಲ್ ಮೈಲಿಗಿಂತ ದೂರದ ಮೀನುಗಾರಿಕೆ ಕೇಂದ್ರಕ್ಕೆ ಸೇರಿದೆ. ಸುಮಾರು 320 ಕಿ.ಮೀ. ಉದ್ದದ ನಮ್ಮ ಕರಾವಳಿಯಲ್ಲಿ ಪ್ರಮುಖ ಬಂದರು ಎಂಬ ಸ್ಥಾನವಿರುವುದು 1975ರಲ್ಲಿ ಉದ್ಘಾಟನೆಯಾದ ಪಣಂಬೂರಿನ ನವಮಂಗಳೂರು ಬಂದರಿಗೆ ಮಾತ್ರ. ಕಾರವಾರ, ಬೇಲೆಕೇರಿ, ಹೊನ್ನಾವರ, ಭಟ್ಕಳ, ಗಂಗೊಳ್ಳಿ, ಮಲ್ಪೆ ಮುಂತಾದವುಗಳ ಆಡಳಿತ ರಾಜ್ಯದ ಕೈಯಲ್ಲಿದೆ. ಆದ್ದರಿಂದ ಹೂಳೆತ್ತುವ ಪ್ರಶ್ನೆಯನ್ನು ನಿಮ್ಮ ಶಾಸಕರು ಅಥವಾ ವಿಧಾನ ಪರಿಷತ್ ಸದಸ್ಯರು ರಾಜ್ಯದ ಮೀನುಗಾರಿಕೆ, ಬಂದರು ಮತ್ತು ಒಳನಾಡು ಜಲಸಾರಿಗೆ ಸಚಿವರಿಗೆ ಕೇಳಬೇಕು.

ಹಣದ ವಿಷಯ ಬೇರೆ. ಮೀನುಗಾರಿಕೆ ಬಂದರುಗಳ ಸುಧಾರಣೆಗೆ 2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದಾ ಯೋಜನೆಯಂಥ ಕೇಂದ್ರ ಯೋಜನೆಗಳಿಂದ ನೆರವು ಸಿಗುತ್ತದೆ. ಆದರೆ ಅದಕ್ಕೆ ಮೊದಲು ರಾಜ್ಯ ಸರ್ಕಾರವೇ ಪ್ರಸ್ತಾವನೆ ಕಳಿಸಬೇಕು. ಹೆಸರಿನಲ್ಲಿ ಬಂದರು ಇದೆ ಎಂದು ಸಂಸದರು ಈ ಪ್ರಶ್ನೆಯನ್ನು ಕೇಂದ್ರದ ಬಂದರು ಮತ್ತು ಹಡಗು ಸಚಿವರಿಗೆ ಕಳಿಸಿದರೆ ಅದು ತಪ್ಪು ವಿಳಾಸಕ್ಕೆ ಹಾಕಿದ ಕಾಗದವಾಗುತ್ತದೆ; 2019ರಿಂದ ಮೀನುಗಾರಿಕೆ, ಪಶುಸಂಗೋಪನೆ ಮತ್ತು ಹೈನುಗಾರಿಕೆಗೆ ಪ್ರತ್ಯೇಕ ಸಚಿವಾಲಯವಿದೆ, ಕೇಳಬೇಕಾದದ್ದು ಅಲ್ಲಿ.

ನನ್ನ ಸಲಹೆ ಇಷ್ಟು. ಒಂದೇ ಮನವಿಯ ಎರಡು ಪ್ರತಿ ಮಾಡಿ ಇಬ್ಬರಿಗೂ ಕೊಡಬೇಡಿ, ಎರಡು ಬೇರೆ ಪ್ರಶ್ನೆಗಳನ್ನು ಬರೆದುಕೊಡಿ. ‘ಈ ಬಂದರಿನ ಹೂಳೆತ್ತುವ ಬಗ್ಗೆ ಕೇಂದ್ರಕ್ಕೆ ವಿವರವಾದ ಯೋಜನಾ ವರದಿ ಕಳಿಸಲಾಗಿದೆಯೇ, ಕಳಿಸಿದ್ದರೆ ಯಾವ ದಿನಾಂಕದಂದು?’ ಎಂದು ಶಾಸಕರು ಕೇಳಲಿ. ‘ರಾಜ್ಯದಿಂದ ಇಂಥ ವರದಿ ಬಂದಿದೆಯೇ, ಅದರ ಬಗ್ಗೆ ಯಾವ ಸ್ಪಷ್ಟೀಕರಣ ಕೇಳಲಾಗಿದೆ?’ ಎಂದು ಸಂಸದರು ಕೇಳಲಿ. ಎರಡೂ ಉತ್ತರಗಳನ್ನು ಅಕ್ಕಪಕ್ಕ ಇಟ್ಟು ಓದಿದ ದಿನ ಕಡತ ಯಾರ ಮೇಜಿನ ಮೇಲೆ ಕುಳಿತಿದೆ ಎಂಬುದು ನಿಮಗೆ ಗೊತ್ತಾಗುತ್ತದೆ.

ರಸ್ತೆಯ ಬಗ್ಗೆ ಬರೆಯುವ ಮುನ್ನ ಅದು ಯಾರ ರಸ್ತೆ ಎಂದು ವಿಚಾರಿಸಿಕೊಳ್ಳಿ. ಗ್ರಾಮ ರಸ್ತೆಯಾದರೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರು, ಜಿಲ್ಲಾ ಮುಖ್ಯ ರಸ್ತೆಯಾದರೆ ಲೋಕೋಪಯೋಗಿ ಸಚಿವರು ಉತ್ತರಿಸಬೇಕು. ಮೀನುಗಾರಿಕೆ ಸಂಪರ್ಕ ರಸ್ತೆಯಾದರೆ ಪ್ರಶ್ನೆ ಮತ್ತೆ ಬಂದರಿನ ಸಚಿವರಲ್ಲಿಗೇ ಬರುತ್ತದೆ. ಸಮುದ್ರದ ಪ್ರಶ್ನೆಯಂತೂ ಯಾರೂ ಊಹಿಸದ ಕಡೆಗೆ ಹೋಗುವುದುಂಟು. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮಂದಿ ಮೀನುಗಾರರೊಂದಿಗೆ ಕಾಣೆಯಾದಾಗ, ಆ ಮನೆಗಳವರಿಗೆ ಬೇಕಿದ್ದ ಉತ್ತರ ಮೀನುಗಾರಿಕೆ ಇಲಾಖೆಯಲ್ಲಿ ಇರಲಿಲ್ಲ. ಆಳಸಮುದ್ರದಲ್ಲಿ ಹುಡುಕುವ ತಟರಕ್ಷಣಾ ಪಡೆ ಮತ್ತು ನೌಕಾಪಡೆ ಇರುವುದು ರಕ್ಷಣಾ ಸಚಿವಾಲಯದ ಅಧೀನದಲ್ಲಿ. ಬೋಟಿನ ಅವಶೇಷವನ್ನು 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದ ಕಡಲಿನಲ್ಲಿ ಪತ್ತೆ ಮಾಡಿದ್ದೂ ನೌಕಾಪಡೆಯೇ.

ಪ್ರಶ್ನೆ: ಶಿರೂರಿನಲ್ಲಿ ಗುಡ್ಡ ಕುಸಿದಾಗ, ಕಾಳಿ ಸೇತುವೆ ಬಿದ್ದಾಗ, ರಾಷ್ಟ್ರೀಯ ಹೆದ್ದಾರಿ ನಮ್ಮದಲ್ಲ ಎಂಬ ಮಾತು ರಾಜ್ಯದ ಕಡೆಯಿಂದ ಕೇಳಿಬಂತು. ಹಾಗಾದರೆ ವಿಧಾನಸಭೆಯಲ್ಲಿ ಹೆದ್ದಾರಿಯ ಬಗ್ಗೆ ಕೇಳುವುದೇ ವ್ಯರ್ಥವೇ?
(ಅಂಕೋಲಾದ ಓದುಗರು)

ಉತ್ತರ: ವ್ಯರ್ಥವಲ್ಲ, ಆದರೆ ಪ್ರಶ್ನೆಯನ್ನು ರಾಜ್ಯದ ಹೊಣೆಯ ಒಳಗೆ ತಂದು ಕೇಳಬೇಕು. ರಾಷ್ಟ್ರೀಯ ಹೆದ್ದಾರಿ 66ರ ಗುಡ್ಡವನ್ನು ಯಾವ ಕೋನದಲ್ಲಿ ಕಡಿಯಲಾಯಿತು, ಹಳೆಯ ಸೇತುವೆಯ ತಪಾಸಣೆ ಯಾವಾಗ ನಡೆಯಿತು ಎಂಬುದಕ್ಕೆ ಸಂಸತ್ತಿನಲ್ಲಿ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವರೇ ಉತ್ತರಿಸಬೇಕು. ಅಪಾಯದ ಇಳಿಜಾರುಗಳ ಬಗ್ಗೆ ಜಿಲ್ಲಾಡಳಿತ ಹೆದ್ದಾರಿ ಪ್ರಾಧಿಕಾರಕ್ಕೆ ಎಷ್ಟು ಪತ್ರ ಬರೆಯಿತು, ಉತ್ತರ ಬಂತೇ, ಮಳೆಗಾಲಕ್ಕೆ ಮುನ್ನ ಅಲ್ಲಿನ ಅಂಗಡಿ ಮತ್ತು ಮನೆಗಳವರಿಗೆ ಎಚ್ಚರಿಕೆ ಕೊಡಲಾಯಿತೇ ಎಂಬ ಪ್ರಶ್ನೆಗಳನ್ನು ಬೆಂಗಳೂರಿನಲ್ಲಿ ಕೇಳಬಹುದು. ವಿಪತ್ತು ನಿರ್ವಹಣೆಯ ಕೆಲಸ ಜಿಲ್ಲಾಧಿಕಾರಿಗಳ ನೇತೃತ್ವದಲ್ಲಿ ನಡೆಯುವುದರಿಂದ ‘ನಮ್ಮದಲ್ಲ’ ಎಂಬ ಉತ್ತರಕ್ಕೆ ಅಲ್ಲಿ ಎಡೆಯಿಲ್ಲ.

ಇನ್ನೊಂದು ವಿಷಯವನ್ನೂ ಗಮನಿಸಬೇಕು. ಪ್ರಶ್ನೋತ್ತರಕ್ಕೆ ಮುಂಚಿತವಾಗಿ ಸೂಚನೆ ಕೊಡಬೇಕು, ಲೋಕಸಭೆಯಲ್ಲಿ ಆ ಅವಧಿ ಕನಿಷ್ಠ 15 ದಿನ. ಗುಡ್ಡ ಹದಿನೈದು ದಿನ ಮೊದಲು ಹೇಳಿ ಕುಸಿಯುವುದಿಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಮಣ್ಣು ಜರಿದಾಗ ರಾಜ್ಯ ವಿಧಾನಮಂಡಲದ ಅಧಿವೇಶನ ನಡೆಯುತ್ತಿತ್ತು. ಅಂಥ ತುರ್ತಿಗೆಂದೇ ಶೂನ್ಯವೇಳೆ ಇದೆ, ವಿಧಾನಸಭೆಯ ನಿಯಮ 73ರ ಗಮನ ಸೆಳೆಯುವ ಸೂಚನೆ ಇದೆ. ಮುಂದೆ ಆ ವರ್ಷದ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಹಳೆಯ ಕಾಳಿ ಸೇತುವೆ ಮುರಿದು ಲಾರಿಯೊಂದು ನದಿಗೆ ಬಿತ್ತು, ಚಾಲಕನನ್ನು ಮೀನುಗಾರರು ಮತ್ತು ಪೊಲೀಸರು ಸೇರಿ ಉಳಿಸಿದರು. ತುರ್ತು ಸೂಚನೆಯಿಂದ ಅಂದಿನ ರಕ್ಷಣಾ ಕಾರ್ಯದ ವಿವರ ಸಿಗುತ್ತದೆ; ಆದರೆ ಉಳಿದ ಸೇತುವೆಗಳ ಸ್ಥಿತಿ ತಿಳಿಯಬೇಕಾದರೆ ಸುದ್ದಿ ತಣ್ಣಗಾದ ಮೇಲೆ, ಮುಂದಿನ ಅಧಿವೇಶನದಲ್ಲಿ, ಲಿಖಿತ ಪ್ರಶ್ನೆ ಹಾಕುವ ತಾಳ್ಮೆ ಬೇಕು. ಆ ಎರಡನೆಯ ಕೆಲಸ ಮಾಡುವ ಪ್ರತಿನಿಧಿಯ ಬಗ್ಗೆ ನನಗೆ ಹೆಚ್ಚು ಗೌರವ.

ಪ್ರಶ್ನೆ: ನಮ್ಮ ಶಾಸಕರ ಪ್ರಶ್ನೆಗೆ ಬಂದ ಉತ್ತರದ ಪ್ರತಿ ಓದಿದೆ. ‘ಬಂದಿದೆ’, ‘ಪರಿಶೀಲನೆಯಲ್ಲಿದೆ’, ‘ಉದ್ಭವಿಸುವುದಿಲ್ಲ’ ಎಂಬ ಮೂರು ಮಾತು ಬಿಟ್ಟರೆ ಏನೂ ಇಲ್ಲ. ಇಂಥ ಪ್ರಶ್ನೆ ಕೇಳಿ ಏನು ಪ್ರಯೋಜನ?
(ಹೊನ್ನಾವರದ ನಿವೃತ್ತ ಶಿಕ್ಷಕಿ)

ಉತ್ತರ: ಅಮ್ಮಾ, ನೀವು ಓದಿದ ಹಾಳೆಯ ಮಾದರಿ ನನಗೆ ಚಿರಪರಿಚಿತ. ಎಡಗಡೆಯ ಅಂಕಣದಲ್ಲಿ ಅ, ಆ, ಇ ಎಂದು ಪ್ರಶ್ನೆಯ ಭಾಗಗಳು, ಬಲಗಡೆಯಲ್ಲಿ ಉತ್ತರ, ಕೆಳಗೆ ಕಡತದ ಸಂಖ್ಯೆ ಮತ್ತು ಸಚಿವರ ಸಹಿ. ‘ಅ’ ಭಾಗದಲ್ಲಿ ‘ರಸ್ತೆ ಹದಗೆಟ್ಟಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂದು ಕೇಳಿದರೆ ಅಧಿಕಾರಿ ‘ಬಂದಿದೆ’ ಎಂದು ಒಂದೇ ಪದ ಬರೆದು ಮುಗಿಸುತ್ತಾರೆ, ಏಕೆಂದರೆ ಕೇಳಿದ್ದೇ ಅಷ್ಟು. ‘ಆ’ ಭಾಗದಲ್ಲಿ ‘ಯಾವಾಗ ದುರಸ್ತಿ ಮಾಡಲಾಗುವುದು?’ ಎಂದಿದ್ದರೆ ‘ಅನುದಾನದ ಲಭ್ಯತೆ ಹಾಗೂ ಆದ್ಯತೆಯ ಮೇರೆಗೆ ಕ್ರಮ ವಹಿಸಲಾಗುವುದು’ ಎಂಬ ಸಾಲು ಸಿದ್ಧವಾಗಿರುತ್ತದೆ. ದೋಷ ಉತ್ತರ ಬರೆದವರದಷ್ಟೇ ಅಲ್ಲ, ಪ್ರಶ್ನೆ ಬರೆದವರದೂ ಹೌದು. ‘ಕಳೆದ ಮೂರು ವರ್ಷಗಳಲ್ಲಿ ಈ ರಸ್ತೆಗೆ ಮಂಜೂರಾದ ಮೊತ್ತವೆಷ್ಟು, ಖರ್ಚಾದ ಮೊತ್ತವೆಷ್ಟು, ಕಾಮಗಾರಿ ಮುಗಿಯಬೇಕಿದ್ದ ದಿನಾಂಕ ಯಾವುದು?’ ಎಂದು ಕೇಳಿದ್ದರೆ, ಉತ್ತರ ಕೊನೆಗೆ ಅನುಬಂಧದ ರೂಪದಲ್ಲಾದರೂ ಅಂಕಿಗಳನ್ನು ಹೊತ್ತು ಬರಲೇಬೇಕಾಗುತ್ತಿತ್ತು.

ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಎದ್ದು ನಿಂತು ಉತ್ತರಿಸಬೇಕು, ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಸಾಕು. ಮೊದಲನೆಯದರ ನಿಜವಾದ ಬಲ, ಉತ್ತರ ಬಂದ ಮೇಲೆ ಸದನದಲ್ಲೇ ಎದ್ದು ಕೇಳುವ ಪೂರಕ ಪ್ರಶ್ನೆಯಲ್ಲಿದೆ. ಮುದ್ರಿತ ಉತ್ತರವನ್ನು ಇಲಾಖೆ ತಯಾರಿಸಿರುತ್ತದೆ. ಪೂರಕ ಪ್ರಶ್ನೆಗೆ ಸಚಿವರು ತಮ್ಮ ತಿಳಿವಳಿಕೆಯಿಂದಲೇ ಉತ್ತರ ಹೇಳಬೇಕು. ಅಲ್ಲಿ ಕ್ಷೇತ್ರದ ಕಷ್ಟಗಳನ್ನೆಲ್ಲ ಭಾಷಣವಾಗಿ ಹೇಳುತ್ತಾ ಹೋಗಿ, ಪ್ರಶ್ನೆ ಕೇಳುವಷ್ಟರಲ್ಲಿ ಸಭಾಧ್ಯಕ್ಷರಿಂದ ‘ಪ್ರಶ್ನೆ ಕೇಳಿ, ಪ್ರಶ್ನೆ ಕೇಳಿ’ ಅನ್ನಿಸಿಕೊಳ್ಳುವ ಸದಸ್ಯರನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಆ ಒಂದು ನಿಮಿಷವನ್ನು ಕಾದು ಕುಳಿತವರು ಊರಿನಲ್ಲಿ ಇರುತ್ತಾರೆ.

ಇನ್ನು ‘ಪರಿಶೀಲನೆಯಲ್ಲಿದೆ’ ಎಂಬ ಮಾತು. ಅದನ್ನು ನಾವು ನಿರಾಕರಣೆ ಎಂದು ಓದುತ್ತೇವೆ, ಆದರೆ ಸಂಸದೀಯ ಪದ್ಧತಿಯಲ್ಲಿ ಅದಕ್ಕೆ ತೂಕವಿದೆ. ಲೋಕಸಭೆಯ ಸರ್ಕಾರಿ ಭರವಸೆಗಳ ಸಮಿತಿ ಯಾವ ಯಾವ ಮಾತುಗಳನ್ನು ಭರವಸೆ ಎಂದು ಎಣಿಸಬೇಕೆಂದು ಪಟ್ಟಿಯನ್ನೇ ಮಾಡಿಕೊಂಡಿದೆ. ‘ವಿಷಯ ಪರಿಶೀಲನೆಯಲ್ಲಿದೆ’, ‘ವಿಚಾರಿಸಿ ತಿಳಿಸುತ್ತೇನೆ’ ಎಂಬರ್ಥದ ಮಾತುಗಳು ಅದರಲ್ಲಿವೆ. ಅಲ್ಲಿ ಕೊಟ್ಟ ಭರವಸೆಯನ್ನು ಮೂರು ತಿಂಗಳೊಳಗೆ ಈಡೇರಿಸಬೇಕು, ಆಗದಿದ್ದರೆ ಕಾಲಾವಕಾಶ ಕೇಳಬೇಕು. ನಮ್ಮ ವಿಧಾನಮಂಡಲದಲ್ಲೂ ಭರವಸೆಗಳ ಸಮಿತಿ ಇದೆ. ನಿಮ್ಮ ಕೈಯಲ್ಲಿರುವ ಹಾಳೆಯ ಆ ಸಾಲಿಗೆ ಗೆರೆ ಎಳೆದು, ಪ್ರಶ್ನೆಯ ಸಂಖ್ಯೆ ಮತ್ತು ಉತ್ತರಿಸಿದ ದಿನಾಂಕ ನಮೂದಿಸಿ, ‘ಇದು ಭರವಸೆಯಾಗಿ ದಾಖಲಾಗಿದೆಯೇ?’ ಎಂದು ನಿಮ್ಮ ಶಾಸಕರಿಗೆ ಒಂದು ಪತ್ರ ಬರೆಯಿರಿ.

ಪ್ರಯೋಜನದ ಮಾತಿಗೆ ನಮ್ಮ ಕರಾವಳಿಯ ಮೇಲೆಯೇ ಓಡುವ ಸಾಕ್ಷಿಯಿದೆ. ಕೊಂಕಣ ರೈಲಿನ ಬೇಡಿಕೆಯನ್ನು ಮಹಾರಾಷ್ಟ್ರದ ರಾಜಾಪುರ ಕ್ಷೇತ್ರದಿಂದ ಗೆದ್ದುಬರುತ್ತಿದ್ದ ನಾಥ್ ಪೈ ಮತ್ತು ಅವರ ನಂತರ ಮಧು ದಂಡವತೆ ಸಂಸತ್ತಿನಲ್ಲಿ ಬಿಡದೆ ಎತ್ತಿದರು. ದಂಡವತೆ 1977ರಲ್ಲಿ ತಾವೇ ರೈಲ್ವೆ ಸಚಿವರಾದರು. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಸಚಿವರಾಗಿದ್ದಾಗ, 1990ರಲ್ಲಿ, ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾಯಿತು. 1998ರ ಜನವರಿಯಲ್ಲಿ ಪೂರ್ತಿ ಮಾರ್ಗ ತೆರೆಯಿತು. ಆ ಹಾದಿಯಲ್ಲಿ ಉತ್ತರವಾಗಿ ಬಂದ ‘ಪರಿಶೀಲನೆ’ಗಳು ಎಷ್ಟೋ. ನಿಮ್ಮ ಹೊನ್ನಾವರದ ಶರಾವತಿಯ ಮೇಲಿನ ಎರಡು ಕಿಲೋಮೀಟರಿಗೂ ಉದ್ದದ ರೈಲು ಸೇತುವೆ ಆ ಮಾರ್ಗದ ಅತಿ ಉದ್ದದ ಸೇತುವೆ.

ಪ್ರಶ್ನೆ: ಭಟ್ಕಳದಿಂದ ಬೈಂದೂರು ಕಡೆಗೆ ಸಂಜೆ ಬಸ್ಸು ಸಾಲದು. ಯಾರನ್ನು ಕೇಳಬೇಕು?
(ಕಾಲೇಜು ವಿದ್ಯಾರ್ಥಿನಿ)

ಉತ್ತರ: ಉತ್ತರ ಕನ್ನಡ ಜಿಲ್ಲೆ ವಾಯವ್ಯ ಸಾರಿಗೆ ಸಂಸ್ಥೆಗೆ, ಉಡುಪಿ ಜಿಲ್ಲೆ ಕೆಎಸ್‌ಆರ್‌ಟಿಸಿಗೆ ಸೇರಿದೆ. ನಿಮ್ಮ ದಾರಿ ಎರಡರ ಗಡಿಯನ್ನು ದಾಟುತ್ತದೆ. ಡಿಪೊದಲ್ಲಿ ಕೇಳಿದರೆ ಆ ಕಡೆಯವರನ್ನು ಕೇಳಿ ಎನ್ನುವುದು ಸಹಜ. ಎರಡೂ ನಿಗಮಗಳು ಸಾರಿಗೆ ಸಚಿವರ ಕೆಳಗೇ ಬರುವುದರಿಂದ ಎರಡೂ ಕ್ಷೇತ್ರಗಳ ಶಾಸಕರಲ್ಲಿ ಯಾರು ಕೇಳಿದರೂ ಉತ್ತರಿಸಬೇಕಾದವರು ಒಬ್ಬರೇ. ಖಾಸಗಿ ಬಸ್ಸಿನ ಪರವಾನಗಿಯ ಮಾತಾದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಕಾಲೇಜು ಬಿಡುವ ಹೊತ್ತು, ಆಮೇಲಿನ ಬಸ್ಸಿನ ಹೊತ್ತು, ನಿಲ್ದಾಣದಲ್ಲಿ ದಿನವೂ ಕಾಯುವವರ ಸಂಖ್ಯೆ, ಈ ಮೂರನ್ನು ಒಂದು ವಾರ ಬರೆದಿಟ್ಟು ಮನವಿಯ ಜೊತೆ ಲಗತ್ತಿಸಿ. ಶಾಸಕರು ಪೂರಕ ಪ್ರಶ್ನೆ ಕೇಳಲು ಎದ್ದಾಗ ಅವರ ಕೈಯಲ್ಲಿ ಇರಬೇಕಾದ ಚೀಟಿ ಅದು.