ಹುಬ್ಬಳ್ಳಿಯಲ್ಲಿ ವಿಮಾನ ಓರೆಯಾಗಿ ಇಳಿದದ್ದು ಯಾಕೆ?

ಇಳಿಯುವಾಗ ವಿಮಾನದ ಮೂತಿ ಪಕ್ಕಕ್ಕೆ ತಿರುಗಿತ್ತು, ಕೊನೆಗೆ ಧಡ್ ಅಂತ ನೆಲಕ್ಕೆ ಕೂತಿತು, ಪೈಲಟ್ ಎಡವಿದರಾ ಅಂತ ಕೇಳಿದ್ದೀರಿ. ಇಲ್ಲ ಸರ್. ಎರಡೂ ಬೇಕಂತಲೇ ಮಾಡಿದ್ದು ಅನಿಸುತ್ತದೆ.

ನಮ್ಮ ಹಾವೇರಿ ಕಡೆ ತುಂಗಭದ್ರೆಯಲ್ಲಿ ದೋಣಿ ದಾಟಿಸುವುದನ್ನು ನೋಡಿದ್ದೀರಲ್ವಾ? ನೇರ ಆಚೆ ದಡ ಸೇರಬೇಕು ಅಂದರೆ ಮೂತಿಯನ್ನು ಸೆಳವು ಬರುವ ಕಡೆ ಸ್ವಲ್ಪ ತಿರುಗಿಸಿಯೇ ಹೋಗಬೇಕು. ಪಕ್ಕದಿಂದ ಗಾಳಿ ಬೀಸುವಾಗ ವಿಮಾನವೂ ಹಾಗೇ. ಮೂತಿ ಗಾಳಿಯ ಕಡೆ, ಸಾಗುವುದು ಮಾತ್ರ ರನ್‌ವೇ ಗೆರೆಯ ಮೇಲೆ. ನೆಲ ಮುಟ್ಟುವ ಕೆಲವೇ ಸೆಕೆಂಡ್ ಮುಂಚೆ ಕಾಲಿನಿಂದ ರಡ್ಡರ್ (ಬಾಲದ ಚುಕ್ಕಾಣಿ) ಪೆಡಲ್ ಒತ್ತಿ ಮೂತಿ ನೇರ ಮಾಡುತ್ತಾರೆ. ಆಗ ಗಾಳಿ ಬರುವ ಕಡೆಯ ರೆಕ್ಕೆ ಮೇಲೇಳಲು ನೋಡುತ್ತದೆ. ಅದನ್ನು ಕೈಯಿಂದ ತಗ್ಗಿಸಿ ಹಿಡಿಯಬೇಕು. ಗಾಳಿ ಬಿಟ್ಟು ಬಿಟ್ಟು ರಭಸವಾಗಿ ಬೀಸುತ್ತಿದ್ದರೆ ಇದು ನಿಜಕ್ಕೂ ಕಷ್ಟದ ಕೆಲಸ. ಅದಕ್ಕೇ ವೇಗವನ್ನೂ ಸ್ವಲ್ಪ ಜಾಸ್ತಿ ಇಟ್ಟುಕೊಂಡು ಬರುತ್ತಾರೆ.

ಇನ್ನು ಆ ಧಡ್. ಮಳೆಯಲ್ಲಿ ಒದ್ದೆಯಾದ ರನ್‌ವೇ ಮೇಲೆ ಮೆತ್ತಗೆ ಇಳಿಸಲು ತೇಲುತ್ತಾ ಹೋದರೆ ಸುಮ್ನೆ ಉದ್ದ ಹಾಳು. ಟೈರಿಗೆ ಹಿಡಿತವೂ ತಡವಾಗಿ ಸಿಗುತ್ತದೆ. ಅದಕ್ಕೇ ಗಟ್ಟಿಯಾಗಿ ಕೂರಿಸುತ್ತಾರೆ.

ಹುಬ್ಬಳ್ಳಿ ರನ್‌ವೇ ಹೆಚ್ಚುಕಡಿಮೆ ಪೂರ್ವ-ಪಶ್ಚಿಮ. ಮುಂಗಾರಿನ ಪಡುವಣ ಗಾಳಿ ಬಹಳ ಸಲ ಎದುರಿಗೇ ಸಿಗುತ್ತದೆ, ಅದು ನಮ್ಮ ಪುಣ್ಯ. ಗಾಳಿ 30 ಡಿಗ್ರಿ ಓರೆಯಾದರೆ ಅದರ ವೇಗದ ಅರ್ಧದಷ್ಟು ಪಕ್ಕದಿಂದ ತಳ್ಳುತ್ತದೆ. ಏರ್‌ಬಸ್ ಎ320 ವಿಮಾನ, ಬಿಟ್ಟು ಬಿಟ್ಟು ಬೀಸುವ ರಭಸವೂ ಸೇರಿ, 38 ನಾಟ್, ಅಂದರೆ ಗಂಟೆಗೆ ಸುಮಾರು 70 ಕಿ.ಮೀ. ಪಕ್ಕಗಾಳಿಯಲ್ಲಿ ಇಳಿದು ತೋರಿಸಿದೆ.

ಮುಂದೆ ಎಂದಾದರೂ ಇಳಿಯದೆ ಮತ್ತೆ ಮೇಲೇರಿದರೆ ಹೆದರಬೇಡಿ. ಗಾಳಿ ಸರಿಯಿಲ್ಲ ಅನಿಸಿದ ಕೂಡಲೇ ಬಿಟ್ಟು ಮೇಲೇರುವ ಪೈಲಟ್‌ ಮೇಲೆ ನನಗೆ ನಂಬಿಕೆ ಜಾಸ್ತಿ.