ಕಲ್ಯಾಣ ಕರ್ನಾಟಕದಲ್ಲಿ ಘಟಕ ಹಾಕಿದರೆ ಸಬ್ಸಿಡಿ ನಿಜವಾಗಿ ಸಿಗುತ್ತದಾ? ಅದನ್ನು ನಂಬಿ ಊರಿಗೆ ಬರಬಹುದಾ?

ನೀವು ಕೇಳಿರುವುದು ಇಷ್ಟು: ಊರು ಸಿರುಗುಪ್ಪದ ಕಡೆ, ನೌಕರಿ ಬೆಂಗಳೂರಲ್ಲಿ, ಕೈಯಲ್ಲಿ ಹತ್ತು ಹನ್ನೆರಡು ಲಕ್ಷ ಉಳಿತಾಯ. ಹಿಂದುಳಿದ ಭಾಗಕ್ಕೆ ಸರ್ಕಾರ ಅರ್ಧಕ್ಕರ್ಧ ಸಹಾಯಧನ ಕೊಡುತ್ತದಂತೆ, ಬಂದು ಏನಾದರೂ ಶುರು ಮಾಡಲಾ ಅಂತ.

ಸಹಾಯಧನ ಸಿಗುತ್ತದೆ, ನನಗೂ ಸಿಕ್ಕಿದೆ. ಆದರೆ ಅದನ್ನೇ ನಂಬಿಕೊಂಡು ಬರಬೇಡಿ. ಎರಡೂ ಮಾತು ಯಾಕೆ ಹೇಳುತ್ತಿದ್ದೇನೆ ಅಂತ ನನ್ನ ಲೆಕ್ಕ ಇಟ್ಟೇ ತೋರಿಸುತ್ತೇನೆ.

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ದಾರಿಯಲ್ಲಿ ನನ್ನದೊಂದು ಸಣ್ಣ ಖಾರಪುಡಿ ಘಟಕ ಇದೆ. 2021ರಲ್ಲಿ ಶುರು ಮಾಡಿದ್ದು. ನಮ್ಮ ಕಾಲುವೆ ಭಾಗದ ಮೆಣಸಿನಕಾಯಿ ಎಲ್ಲಾ ಲಾರಿ ಹತ್ತಿ ಬ್ಯಾಡಗಿಗೆ ಹೋಗುತ್ತದೆ, ಅಲ್ಲಿಂದ ಯಾರದೋ ಬ್ರ್ಯಾಂಡಿನ ಪ್ಯಾಕೆಟ್ ಆಗಿ ನಮ್ಮೂರ ಕಿರಾಣಿ ಅಂಗಡಿಗೇ ವಾಪಸ್ ಬರುತ್ತದೆ. ಇದನ್ನು ನೋಡಿ ನೋಡಿ ತಲೆಕೆಟ್ಟು ಇಳಿದವನು ನಾನು. ಆಗ ಕೇಂದ್ರದ ಪಿಎಂಎಫ್‌ಎಂಇ ಯೋಜನೆ ಹೊಸದು, 2020ರಲ್ಲಿ ಬಂದಿತ್ತು. ಕಿರು ಆಹಾರ ಘಟಕಗಳಿಗೆ ಯೋಜನಾ ವೆಚ್ಚದ ಶೇ 35, ಗರಿಷ್ಠ 10 ಲಕ್ಷ. ಅದರ ಮೇಲೆ ನಮ್ಮ ರಾಜ್ಯ ಶೇ 15 ಸೇರಿಸಿ ಒಟ್ಟು ಶೇ 50, ಗರಿಷ್ಠ 15 ಲಕ್ಷದವರೆಗೆ ಮಾಡಿತು. ನೀವು ಕೇಳಿದ ‘ಅರ್ಧಕ್ಕರ್ಧ’ ಬಹುಶಃ ಇದೇ. ಇದು ಹಿಂದುಳಿದ ಭಾಗಕ್ಕೆ ಅಂತ ಇರುವುದಲ್ಲ, ಮಂಡ್ಯದವರಿಗೂ ಅಷ್ಟೇ ಸಿಗುತ್ತದೆ.

ನನ್ನ ಯೋಜನಾ ವೆಚ್ಚ 24 ಲಕ್ಷ. ಕೈಯಿಂದ ಶೇ 10 ಅಂದರೆ 2.4 ಲಕ್ಷ ಹಾಕಿದೆ, ಉಳಿದ 21.6 ಲಕ್ಷ ಬ್ಯಾಂಕಿನ ಸಾಲ. ಜಾಗದ ಬೆಲೆ ಇದರೊಳಗೆ ಬರುವುದಿಲ್ಲ, ಕಟ್ಟಡದ ಖರ್ಚಿಗೂ ಶೇ 30ರ ಮಿತಿ ಇದೆ. ಸಹಾಯಧನ 12 ಲಕ್ಷ ಮಂಜೂರಾಯಿತು ಅಂತ ಪತ್ರ ಬಂದ ದಿನ ಮನೆಯಲ್ಲಿ ಹೋಳಿಗೆ ಮಾಡಿದ್ದರು. ಆ ದುಡ್ಡು ನಮ್ಮ ಕೈಗೆ ಬರುವುದೇ ಇಲ್ಲ ಅಂತ ಆಮೇಲೆ ಗೊತ್ತಾಯಿತು. ಬ್ಯಾಂಕಿನಲ್ಲೇ ಬೇರೆ ಖಾತೆಯಲ್ಲಿ ಮೂರು ವರ್ಷ ಕೂತಿರುತ್ತದೆ. ಅಷ್ಟು ಮೊತ್ತಕ್ಕೆ ಬಡ್ಡಿ ಬೀಳುವುದಿಲ್ಲ ಅನ್ನುವುದೊಂದು ಸಮಾಧಾನ. ಮೂರು ವರ್ಷ ಕಂತು ತಪ್ಪದೆ, ಸಾಲ ಎನ್‌ಪಿಎ (ಕಂತು ನಿಂತುಹೋದ ಸಾಲ) ಆಗದೆ ಉಳಿದರೆ ಆಗ ಸಾಲಕ್ಕೆ ಜಮೆ. ಸ್ವಂತ ಉದ್ಯೋಗಕ್ಕೆ ಅಂತ ಇರುವ ಕೇಂದ್ರದ ಪಿಎಂಇಜಿಪಿ ಯೋಜನೆಯಲ್ಲೂ ಇದೇ ಮೂರು ವರ್ಷದ ಕಟ್ಟು. ಅಂದರೆ ಘಟಕ ಬದುಕಿ ಉಳಿದವನಿಗೆ ಸಿಗುವ ಬಹುಮಾನ ಇದು. ಬದುಕಿಸುವ ದುಡ್ಡು ಬೇರೆ ಕಡೆಯಿಂದ ಬರಬೇಕು.

ಅದು ಎಷ್ಟು ಬೇಕು ಅಂತ ಕೇಳಿ. ನಮ್ಮಲ್ಲಿ ಹೊಸ ಮೆಣಸಿನಕಾಯಿ ಬರುವುದು ಜನವರಿಯಿಂದ ಏಪ್ರಿಲ್ ಒಳಗೆ. ವರ್ಷಪೂರ್ತಿ ಪುಡಿ ಮಾಡಬೇಕಾದರೆ ಆ ನಾಲ್ಕು ತಿಂಗಳಲ್ಲೇ ಖರೀದಿ ಮಾಡಿ ಕೋಲ್ಡ್ ಸ್ಟೋರೇಜಿಗೆ ಹಾಕಬೇಕು. ಹೊರಗೆ ಬಿಟ್ಟರೆ ನಮ್ಮ ಬಳ್ಳಾರಿ ಬಿಸಿಲಿಗೆ ಮೇ ಕಳೆಯುವಷ್ಟರಲ್ಲಿ ಬಣ್ಣ ಹೋಗುತ್ತದೆ, ಮಳೆ ಬಿದ್ದ ಮೇಲೆ ಹುಳ. ಬ್ಯಾಡಗಿ ತಳಿಗೆ ದರ ಸಿಗುವುದೇ ಬಣ್ಣಕ್ಕೆ. ಮೊದಲ ವರ್ಷ ನನಗೆ 300 ಕ್ವಿಂಟಲ್ ಬೇಕಿತ್ತು. ಕ್ವಿಂಟಲಿಗೆ 18 ಸಾವಿರ ಹಿಡಿದರೂ 54 ಲಕ್ಷ. ಮಷಿನ್ನಿಗೆ 24 ಲಕ್ಷದ ಯೋಜನೆ, ಅದಕ್ಕೆ ಅರ್ಧ ಸಹಾಯಧನ. ಕಾಯಿ ತರಲು 54 ಲಕ್ಷ, ಅದಕ್ಕೆ ಸೊನ್ನೆ. ಬ್ಯಾಂಕಿನವರು ಸಿಸಿ ಖಾತೆಗೆ, ಅಂದರೆ ಮಾಲು ಖರೀದಿಯಂಥ ದಿನದ ವಹಿವಾಟಿನ ಸಾಲಕ್ಕೆ, ಕೊಟ್ಟಿದ್ದು 15 ಲಕ್ಷ. ಮ್ಯಾನೇಜರ್ ಒಳ್ಳೆಯ ಮನುಷ್ಯ, ಮುಚ್ಚುಮರೆ ಇಲ್ಲದೆ ಹೇಳಿದ: ‘ಮಷಿನ್ನಿಗೆ ಕೊಡ್ತೀವ್ರಿ ಸರ, ಮೆಣಸಿನಕಾಯಿಗೆ ಯಾವ ಸ್ಕೀಮೂ ಇಲ್ಲ.’

ಆ ವರ್ಷ 80 ಕ್ವಿಂಟಲ್‌ಗೇ ಮುಗಿಸಿದೆ. ಆಗಸ್ಟ್‌ಗೆ ಕಾಯಿ ಖಾಲಿ, ಮಷಿನ್ ಬಂದ್, ಕಂತು ಮಾತ್ರ ಬಂದ್ ಆಗಲಿಲ್ಲ. ಹೆಂಡತಿಯ ಬಂಗಾರ ಅಡವಿಟ್ಟು ಮೂರು ಕಂತು ಕಟ್ಟಿದೆ. ಕರೆಂಟಿನ ಕಥೆ ಬೇರೆ: ಮೂರು ಫೇಸ್ ಕನೆಕ್ಷನ್‌ಗೆ ಐದು ತಿಂಗಳು ಓಡಾಡಿದೆ, ಅಷ್ಟು ದಿನ ಮಷಿನ್ ಪ್ಲಾಸ್ಟಿಕ್ ಹೊದ್ದು ಮಲಗಿತ್ತು.

ಇನ್ನು ರಾಜ್ಯದ ಕೈಗಾರಿಕಾ ನೀತಿಯ ವಿಷಯ. ನೀವು ಸುದ್ದಿಯಲ್ಲಿ ನೋಡಿದ್ದು ಪ್ರಾಯಶಃ 2025-30ರ ನೀತಿ, 2025ರ ಫೆಬ್ರುವರಿಯಲ್ಲಿ ಬಿಡುಗಡೆಯಾದದ್ದು. ಬೆಂಗಳೂರು ನಗರ, ಗ್ರಾಮಾಂತರ ಬಿಟ್ಟು ಉಳಿದ ಕಡೆಗೆ ಹೆಚ್ಚು ಕೊಡುವುದು ಹಿಂದಿನ ನೀತಿಯಲ್ಲೂ ಇತ್ತು. ಈಗ ಪ್ರಾದೇಶಿಕ ಅಸಮತೋಲನದ ಬಗ್ಗೆ ಬಂದ ಡಾ. ನಂಜುಂಡಪ್ಪ ವರದಿಯ ಪಟ್ಟಿ ನೋಡಿ ಹಿಂದುಳಿದ ತಾಲ್ಲೂಕುಗಳಿಗೆ ಶೇ 3 ಅಥವಾ ಶೇ 5 ಹೆಚ್ಚುವರಿ ಇಟ್ಟಿದ್ದಾರೆ. ಇಲ್ಲೊಂದು ಕಣ್ಣಿಗೆ ಬೀಳದ ಗುಂಡಿ ಇದೆ. ಆ ವರದಿ 2002ರದು. 114 ಹಿಂದುಳಿದ ತಾಲ್ಲೂಕು, ಅದರಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ನಮ್ಮ ಭಾಗದವು. ದೇವದುರ್ಗ, ಕುಷ್ಟಗಿ, ಯಲಬುರ್ಗಾ ಎಲ್ಲಾ ಇವೆ. ಆದರೆ ಬಳ್ಳಾರಿ ತಾಲ್ಲೂಕು ಮುಂದುವರಿದವರ ಸಾಲಿನಲ್ಲಿದೆ. ಹೀಗಾಗಿ ‘ಕಲ್ಯಾಣ ಕರ್ನಾಟಕ’ ಅಂತ ಕೇಳಿದ ಕೂಡಲೇ ಎಲ್ಲ ಸಿಗುತ್ತದೆ ಅಂದುಕೊಳ್ಳಬೇಡಿ. ನೀವು ಜಾಗ ನೋಡಿರುವ ಊರು ಆ ಪಟ್ಟಿಯಲ್ಲಿ ಯಾವ ತಾಲ್ಲೂಕಿನಡಿ ಬರುತ್ತದೆ ಅಂತ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಬರೆಸಿಕೊಂಡೇ ಅಡ್ವಾನ್ಸ್ ಕೊಡಿ. ಹೊಸ ತಾಲ್ಲೂಕುಗಳಾದ ಮೇಲೆ ಈ ಗೊಂದಲ ಇನ್ನೂ ಹೆಚ್ಚು.

ನಮ್ಮ ಭಾಗಕ್ಕೆ ಸಂವಿಧಾನದಲ್ಲಿರುವ ವಿಶೇಷ ವಿಧಿ 371ಜೆ ಬಗ್ಗೆಯೂ ಕೇಳಿದ್ದೀರಿ. ಅದು ಸರ್ಕಾರಿ ನೌಕರಿ, ಕಾಲೇಜು ಸೀಟು, ಅಭಿವೃದ್ಧಿ ಮಂಡಳಿಯ ಅನುದಾನ ಇಷ್ಟಕ್ಕೆ. ಖಾಸಗಿ ಘಟಕಕ್ಕೆ ಅದರಿಂದ ನೇರವಾಗಿ ಏನೂ ಇಲ್ಲ.

ಇಷ್ಟೆಲ್ಲಾ ಕೊಟ್ಟರೂ ನಮ್ಮಲ್ಲಿ ಕಾರ್ಖಾನೆ ಯಾಕೆ ಬರಲ್ಲ ಅನ್ನುವ ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಅನಿಸಿಕೆ ಹೇಳುತ್ತೇನೆ, ಒಪ್ಪಲೇಬೇಕು ಅಂತಿಲ್ಲ. ತೋರಣಗಲ್ಲಿಗೆ ಉಕ್ಕು ಬಂದದ್ದು ಪಕ್ಕದಲ್ಲೇ ಸಂಡೂರಿನ ಅದಿರು, ತುಂಗಭದ್ರೆಯ ನೀರು ಇದ್ದುದಕ್ಕೆ. 1971ರಲ್ಲಿ ಇಂದಿರಾ ಗಾಂಧಿ ಅಲ್ಲಿ ಸರ್ಕಾರಿ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಹಾಕಿದರು, ಆ ಕಾರ್ಖಾನೆ ಬರಲೇ ಇಲ್ಲ. ಖಾಸಗಿಯವರು ಬಂದದ್ದು 90ರ ದಶಕದಲ್ಲಿ. ಕುಡಿತಿನಿ ಸುತ್ತ 2010ರ ಹೊತ್ತಿಗೆ ಉಕ್ಕಿನ ಕಾರ್ಖಾನೆಗೆಂದೇ ಸಾವಿರಾರು ಎಕರೆ ರೈತರ ಹೊಲ ಹೋಯಿತು. ಹೊಲವೂ ಇಲ್ಲ, ಕಾರ್ಖಾನೆಯೂ ಇಲ್ಲ ಅಂತ ಆ ರೈತರು ವರ್ಷಗಟ್ಟಲೆ ಧರಣಿ ಕೂತರು. ಅಲ್ಲಿ ಕಡಿಮೆಯಾಗಿದ್ದು ರಿಯಾಯಿತಿ ಅಂತ ಯಾರೂ ಹೇಳುವುದಿಲ್ಲ.

ಗಡಿಯಾಚೆಯದೂ ನೋಡಿ. ಕರ್ನೂಲು, ಅನಂತಪುರ ಜಿಲ್ಲೆಗಳಲ್ಲಿ 2015ರಿಂದ 2020ರ ಮಾರ್ಚ್‌ವರೆಗೆ ಹೊಸ ಮಷಿನ್ ಹಾಕಿದವರಿಗೆ ಮಷಿನ್ ಬೆಲೆಯ ಶೇ 15ರಷ್ಟನ್ನು ತೆರಿಗೆ ಹಾಕುವ ಆದಾಯದಿಂದ ಹೆಚ್ಚುವರಿಯಾಗಿ ಕಳೆಯಲು ಕೇಂದ್ರ ಸರ್ಕಾರ ಬಿಟ್ಟಿತ್ತು. ನಮಗೆ ಅದು ಇರಲಿಲ್ಲ. ನಮ್ಮಲ್ಲಿ ಕೆಲವರು ಆಗ ‘ಇನ್ನು ಎಲ್ಲರೂ ಆಲೂರು, ಆದೋನಿಗೆ ಹೋಗ್ತಾರೆ’ ಅಂತ ಬೊಬ್ಬೆ ಹೊಡೆದರು. ನನಗೆ ಗೊತ್ತಿದ್ದವರಲ್ಲಿ ಒಬ್ಬನೂ ಹೋಗಲಿಲ್ಲ. ಮೊದಲ ಮೂರು ವರ್ಷ ಲಾಭವೇ ಇಲ್ಲದವನಿಗೆ ತೆರಿಗೆ ಕಡಿತ ಕೊಟ್ಟರೆಷ್ಟು, ಬಿಟ್ಟರೆಷ್ಟು.

ಈಗ ನಿಮಗೆ ಉಪಯೋಗಕ್ಕೆ ಬರುವ ಮಾತು. ಸಹಾಯಧನ ಸೊನ್ನೆ ಅಂತ ಬರೆದು ಲೆಕ್ಕ ಹಾಕಿ. ಆಗಲೂ ಘಟಕ ನಿಂತರೆ ಮಾತ್ರ ಮುಂದುವರಿಯಿರಿ. ನಿಮ್ಮ ಹತ್ತು ಲಕ್ಷವನ್ನು ಮಷಿನ್ನಿಗೆ ಸುರಿಯಬೇಡಿ. ಮಷಿನ್ನಿಗೆ ಸಾಲ ಸಿಗುತ್ತದೆ, ನಿಮ್ಮ ದುಡ್ಡು ಕಾಯಿಗೆ ಇರಲಿ. ಕೋಲ್ಡ್ ಸ್ಟೋರೇಜಿನ ರಸೀದಿ ಅಡವಿಟ್ಟರೆ ಕೆಲವು ಬ್ಯಾಂಕು ಸಾಲ ಕೊಡುತ್ತವೆ, ಇದನ್ನು ನಾನು ಎರಡು ವರ್ಷ ತಡವಾಗಿ ಕಲಿತೆ. ಪಿಎಂಎಫ್‌ಎಂಇ ಈಗಲೂ ಚಾಲ್ತಿಯಲ್ಲಿದೆಯೇ ಅಂತ ಕೃಷಿ ಇಲಾಖೆಯಲ್ಲಿ ಮೊದಲು ಕೇಳಿ. ಇದ್ದರೆ ಯೋಜನಾ ವರದಿ ಮಾಡಿಕೊಡಲು ಜಿಲ್ಲಾ ಸಂಪನ್ಮೂಲ ವ್ಯಕ್ತಿ ಇರುತ್ತಾರೆ, ಅವರಿಗೆ ದುಡ್ಡು ಕೊಡುವುದು ಸರ್ಕಾರ. ‘ಸಬ್ಸಿಡಿ ಮಾಡಿಸಿಕೊಡ್ತೀನಿ, ಶೇ 10 ಕೊಡಿ’ ಅನ್ನುವವರು ಬಳ್ಳಾರಿಯಲ್ಲಿ ಚಹಾ ಅಂಗಡಿಗೊಬ್ಬರು ಸಿಗುತ್ತಾರೆ. ಚಹಾ ಕುಡಿದು ಎದ್ದು ಬನ್ನಿ. ಸಾಲಪತ್ರದ ಮುದ್ರಾಂಕ ಶುಲ್ಕ ವಿನಾಯಿತಿಯಂಥ ಸಣ್ಣವನ್ನು ಬಿಡಬೇಡಿ, ಆದರೆ ಅದನ್ನು ನೋಂದಣಿಗೆ ಮೊದಲೇ ಕೇಳಬೇಕು. ನಾನು ಆಮೇಲೆ ಕೇಳಿ ಬೈಸಿಕೊಂಡೆ.

ಕೊನೆಗೆ ಉದ್ಯೋಗದ ವಿಷಯ, ‘ಊರಿನವರಿಗೆ ಕೆಲಸ ಕೊಡಬೇಕು’ ಅಂತ ಬರೆದಿದ್ದೀರಲ್ಲ. ನನ್ನಲ್ಲಿ ಮಷಿನ್ ಮೇಲೆ ಇರುವುದು ಇಬ್ಬರು ಹುಡುಗರು. ತೊಟ್ಟು ಬಿಡಿಸಲು ಹದಿನಾಲ್ಕು ಹೆಣ್ಣುಮಕ್ಕಳು, ಕಿಲೋ ಲೆಕ್ಕ. ಸೀಸನ್ನಿನಲ್ಲಿ ಘಾಟಿಗೆ ಸೆರಗು ಮೂಗಿಗೆ ಕಟ್ಟಿಕೊಂಡು ಬೆಳಗ್ಗೆಯಿಂದ ಸಂಜೆವರೆಗೆ ಕೂತಿರುತ್ತಾರೆ. ಅವರ ಕೂಲಿಗೆ ಸಹಾಯಧನ ಕೇಳಲು ಹೋದಾಗ ಅರ್ಜಿಯಲ್ಲಿ ಅದಕ್ಕೆ ಕಾಲಮ್ಮೇ ಇರಲಿಲ್ಲ. ತೊಟ್ಟು ಕತ್ತರಿಸುವ ಮಷಿನ್ ತಂದರೆ ಮಾತ್ರ ಯೋಜನಾ ವೆಚ್ಚಕ್ಕೆ ಸೇರುತ್ತದೆ, ಅರ್ಧ ದುಡ್ಡು ವಾಪಸ್. ಅದರ ಕೊಟೇಶನ್ ತರಿಸಿ ಎಂಟು ತಿಂಗಳಾಯಿತು, ಗಲ್ಲಾಪೆಟ್ಟಿಗೆಯಲ್ಲೇ ಇದೆ. ‘ಅಣ್ಣಾ, ಮಷಿನ್ ತರಸ್ತಿಯಂತಲ್ಲ?’ ಅಂತ ಅವರಲ್ಲೊಬ್ಬಳು ಕೇಳಿದಳು. ‘ಈ ವರ್ಷ ಇಲ್ಲವ್ವ’ ಅಂದಿದ್ದೇನೆ. ಜನವರಿ ಕೊನೆಗೆ ಊರಿಗೆ ಬರುವುದಾದರೆ ಒಂದು ದಿನ ಬಂದು ಕೂತು ನೋಡಿ, ಕರವಸ್ತ್ರ ತನ್ನಿ.