ಐಬಿಯೋ, ಫ್ರೆಂಚ್ ಬಾಕೋ? ಸಾಲಕ್ಕೆ ಸಹಿ ಹಾಕುವ ಮೊದಲು

ಹೊಸ ವರ್ಷ ಶುರುವಾದರೆ ಸಾಕು, ಫ್ರಾನ್ಸಿನಲ್ಲಿರುವ ಕನ್ನಡದ ಮನೆಗಳಿಂದ ಒಂದೇ ಪತ್ರ ಬೇರೆ ಬೇರೆ ಹೆಸರಿನಲ್ಲಿ ಬರತೊಡಗುತ್ತದೆ. ಲಿಸೆಯಲ್ಲಿ (ಫ್ರಾನ್ಸಿನ ಶಾಲೆಯ ಕೊನೆಯ ಮೂರು ವರ್ಷದ ಹಂತ) ಗಣಿತ ಕಲಿಸುತ್ತಾ, ಮಕ್ಕಳ ಅರ್ಜಿಗಳನ್ನು ನೋಡುತ್ತಾ ಇರುವವರಿಗೆ ಈ ಪತ್ರದ ಎರಡನೆಯ ಸಾಲು ಓದುವಷ್ಟರಲ್ಲಿ ಹತ್ತನೆಯ ಸಾಲು ಗೊತ್ತಾಗಿಬಿಡುತ್ತದೆ. ಈ ಸಲ ಒಂದಕ್ಕೆ ಸಾವಧಾನವಾಗಿ ಉತ್ತರಿಸುತ್ತೇನೆ. ಉಳಿದವಕ್ಕೆ ಅಷ್ಟು ತಾಳ್ಮೆ ಇಲ್ಲ. ಬಾಕ್ ಎಂದರೆ ಫ್ರಾನ್ಸಿನ ಶಾಲೆಯ ಕೊನೆಯ ಪರೀಕ್ಷೆ, ಐಬಿ ಎಂದರೆ ಇಂಟರ್ನ್ಯಾಷನಲ್ ಬ್ಯಾಕಲೊರಿಯಟ್ ಎಂಬ ಅಂತಾರಾಷ್ಟ್ರೀಯ ಶಾಲಾ ಡಿಪ್ಲೊಮಾ; ಅದಕ್ಕಿಂತ ಹೆಚ್ಚು ಬಿಡಿಸಿ ಹೇಳುವುದಿಲ್ಲ. ಶಾಲೆ ಹುಡುಕುವ ಹಂತಕ್ಕೆ ಬಂದವರು ಅಷ್ಟು ಓದಿಕೊಂಡಿರಬೇಕು.

ಪ್ರಶ್ನೆ: ನಾವು ತುಲೂಸ್‌ನಲ್ಲಿ ಏಳು ವರ್ಷಗಳಿಂದ ಇದ್ದೇವೆ. ಮಗಳು ತ್ರ್ವಾಝಿಯೆಮ್, ಅಂದರೆ ಒಂಬತ್ತನೆಯ ತರಗತಿ, ಸರ್ಕಾರಿ ಶಾಲೆ. ಗಣಿತ, ವಿಜ್ಞಾನದಲ್ಲಿ ಚುರುಕು. ಮುಂದೆ ಇಂಗ್ಲೆಂಡಿಗೆ ಹೋಗಬಹುದು, ಭಾರತಕ್ಕೂ ಮರಳಬಹುದು. ಫ್ರೆಂಚ್ ಬಾಕ್ ಫ್ರಾನ್ಸಿನಾಚೆ ಯಾರಿಗೂ ಗೊತ್ತಿಲ್ಲ, ಐಬಿ ಪ್ರಪಂಚದಲ್ಲೆಲ್ಲ ನಡೆಯುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಸಾಲ ಮಾಡಿಯಾದರೂ ಐಬಿ ಶಾಲೆಗೆ ಹಾಕಬೇಕೇ?

ಉತ್ತರ: ಬೇಡ. ಸಾಲವೂ ಬೇಡ, ಶಾಲೆ ಬದಲಾವಣೆಯೂ ಬೇಡ.

ಮೊದಲು ಆ ಗೆಳೆಯರ ಮಾತನ್ನೇ ನೋಡೋಣ. ನೆಪೋಲಿಯನ್ 1808ರಲ್ಲಿ ಬಾಕ್ ಪರೀಕ್ಷೆಗೆ ರೂಪ ಕೊಟ್ಟ. ಐಬಿ ಸಂಸ್ಥೆ ಜಿನೀವಾದಲ್ಲಿ ಹುಟ್ಟಿದ್ದು 1968ರಲ್ಲಿ. ಬ್ರಿಟನ್ನಿನ ವಿಶ್ವವಿದ್ಯಾಲಯಗಳು ತಮ್ಮ ಪ್ರವೇಶ ಪುಟಗಳಲ್ಲಿ ಐಬಿಗೆ ಎಷ್ಟು ಅಂಕ ಬೇಕು ಎಂದು ಬರೆಯುವ ಹಾಗೆಯೇ ಫ್ರೆಂಚ್ ಬಾಕ್‌ಗೆ ಎಷ್ಟು ಬೇಕು ಎಂದೂ ಬರೆಯುತ್ತವೆ. 2018ರ ಮಾರ್ಚ್‌ನಲ್ಲಿ ಭಾರತ ಮತ್ತು ಫ್ರಾನ್ಸ್ ಪರಸ್ಪರರ ವಿದ್ಯಾರ್ಹತೆಗಳನ್ನು ಮಾನ್ಯ ಮಾಡುವ ಒಪ್ಪಂದಕ್ಕೆ ಸಹಿ ಹಾಕಿದವು. ಬಾಕ್ ಅದರಲ್ಲಿ ಸೇರಿದೆ. ಪುದುಚೇರಿಯ ಫ್ರೆಂಚ್ ಲಿಸೆ 1826ರಿಂದ ನಡೆಯುತ್ತಿದೆ. ‘ಯಾರಿಗೂ ಗೊತ್ತಿಲ್ಲ’ ಎನ್ನುವವರು ಯಾರನ್ನು ಕೇಳಿ ನೋಡಿದರೋ!

ನಿಮ್ಮ ಮಗಳ ವಿಷಯದಲ್ಲಿ ತೂಗಬೇಕಾದದ್ದು ಒಂದೇ. ನಾಲ್ಕು ಗಂಟೆ ಕೂತು ಒಂದು ವಾದವನ್ನು ಬೆಳೆಸಿ ಬರೆಯಬೇಕಾದರೆ ಅವಳ ಪೆನ್ನು ಯಾವ ಭಾಷೆಯಲ್ಲಿ ಓಡುತ್ತದೆ? ಏಳು ವರ್ಷ ಫ್ರೆಂಚ್ ಶಾಲೆಯಲ್ಲಿ ಕೂತ ಮಗು ಇಂಗ್ಲಿಷ್ ಚೆನ್ನಾಗಿ ಮಾತಾಡುತ್ತದೆ, ಸಿನಿಮಾ ನೋಡುತ್ತದೆ, ಅಜ್ಜಿ ಮನೆಗೆ ಹೋದಾಗ ಅಣ್ಣ ತಂಗಿಯರ ಜೊತೆ ಇಂಗ್ಲಿಷಿನಲ್ಲೇ ಜಗಳ ಆಡುತ್ತದೆ. ಅದನ್ನು ನೋಡಿ ಅಪ್ಪ ಅಮ್ಮ ‘ಇಂಗ್ಲಿಷ್ ಫಸ್ಟ್ ಕ್ಲಾಸ್’ ಎಂದು ನಂಬಿಬಿಡುತ್ತಾರೆ. ಐಬಿ ಡಿಪ್ಲೊಮಾದಲ್ಲಿ 4,000 ಪದಗಳವರೆಗಿನ ಸಂಶೋಧನಾ ಪ್ರಬಂಧವಿದೆ, ಜ್ಞಾನ ಮೀಮಾಂಸೆಯ ಪ್ರಬಂಧ ಬೇರೆ, ಇತಿಹಾಸ ಅಥವಾ ಅರ್ಥಶಾಸ್ತ್ರದ ಉತ್ತರಗಳು ಬೇರೆ. ಬಾಯಿಯ ಇಂಗ್ಲಿಷ್ ಅಲ್ಲಿ ಸಾಲುವುದಿಲ್ಲ. ಒಂದು ಪರೀಕ್ಷೆ ಮಾಡಿ ನೋಡಿ. ಪತ್ರಿಕೆಯ ಒಂದು ಸಂಪಾದಕೀಯ ಕೊಟ್ಟು, ಅದನ್ನು ಒಪ್ಪದೆ ಎರಡು ಪುಟ ಬರೆ ಎನ್ನಿ. ಒಂದು ವಾರ ಇಂಗ್ಲಿಷಿನಲ್ಲಿ, ಮುಂದಿನ ವಾರ ಫ್ರೆಂಚಿನಲ್ಲಿ. ಶಿಕ್ಷಕರಿಗೆ ತೋರಿಸುವ ಅಗತ್ಯವೂ ಬೀಳಲಿಕ್ಕಿಲ್ಲ.

ಇಂಗ್ಲಿಷ್ ನಿಜಕ್ಕೂ ಗಟ್ಟಿ ಇದ್ದರೆ ಅವಳ ಮುಂದೆ ಮೂರನೆಯ ದಾರಿಯೊಂದಿದೆ. ನಿಮ್ಮ ಪತ್ರದಲ್ಲಿ ಅದರ ಸುಳಿವೇ ಇಲ್ಲ. ಅದು ಬಿಎಫ್‌ಐ, ಅಂತಾರಾಷ್ಟ್ರೀಯ ಫ್ರೆಂಚ್ ಬಾಕ್. ಹೆಸರಿನಿಂದ ಮೋಸ ಹೋಗಬೇಡಿ, ಇದಕ್ಕೂ ಜಿನೀವಾದ ಐಬಿಗೂ ಸಂಬಂಧವಿಲ್ಲ. ಇದು ಫ್ರೆಂಚ್ ಶಿಕ್ಷಣ ಸಚಿವಾಲಯದ ಡಿಪ್ಲೊಮಾ. ಹಿಂದೆ ಒಐಬಿ ಎಂದು ಕರೆಯುತ್ತಿದ್ದುದರ ಜಾಗಕ್ಕೆ ಬಂದದ್ದು; ಮೊದಲ ತಂಡ ಪರೀಕ್ಷೆ ಬರೆದದ್ದು 2024ರಲ್ಲಿ. ಮಾಮೂಲಿ ಬಾಕ್‌ನ ಜೊತೆಗೆ ಮಗು ಸೇರಿದ ಅಂತಾರಾಷ್ಟ್ರೀಯ ವಿಭಾಗದ ಭಾಷೆಯಲ್ಲಿ, ಅಂದರೆ ನಿಮ್ಮ ಮಗಳಿಗೆ ಇಂಗ್ಲಿಷಿನಲ್ಲಿ, ಸಾಹಿತ್ಯವನ್ನು ಆಳವಾಗಿ ಓದಬೇಕು. ಇತಿಹಾಸ-ಭೂಗೋಳ ಎರಡು ಭಾಷೆಗಳಲ್ಲಿ ನಡೆಯುತ್ತದೆ. ಮೇಲೊಂದು ಹೊಸ ವಿಷಯ, ‘ಪ್ರಪಂಚದ ಅರಿವು’. ನಿಮ್ಮ ಪಕ್ಕದ ಕೊಲೊಮಿಯೆಯ ವಿಕ್ಟರ್ ಹ್ಯೂಗೊ ಲಿಸೆಯಲ್ಲಿ, ಸ್ಟ್ರಾಸ್‌ಬರ್ಗ್‌ನ ಪೊಂತೊನಿಯೆಯಲ್ಲಿ, ಜಿನೀವಾ ಗಡಿಯ ಫೆರ್ನೆ-ವೊಲ್ತೇರ್‌ನಲ್ಲಿ, ಪ್ಯಾರಿಸ್ ಹತ್ತಿರದ ಸೇನ್-ಜೆರ್ಮೇನ್-ಆನ್-ಲೇಯಲ್ಲಿ ಇಂಥ ವಿಭಾಗಗಳಿವೆ. ಶಾಲೆ ಸರ್ಕಾರದ್ದು. ಕೆಲವು ವಿಭಾಗಗಳಲ್ಲಿ ಪೋಷಕರ ಸಂಘ ಶುಲ್ಕ ಕೇಳುತ್ತದೆ, ಆದರೂ ಐಬಿ ಖಾಸಗಿ ಶಾಲೆಯ ಬಿಲ್ಲಿನ ಮುಂದೆ ಅದು ಏನೂ ಅಲ್ಲ. ಫ್ರಾನ್ಸಿನ ಇಂಗ್ಲಿಷ್ ಐಬಿ ಶಾಲೆಗಳಲ್ಲಿ ಕೊನೆಯ ಎರಡು ವರ್ಷದ ಫೀಸು ವರ್ಷಕ್ಕೆ 20,000 ಯೂರೊ ದಾಟುವುದು ಸಾಮಾನ್ಯ. ಈ ಸರ್ಕಾರಿ ವಿಭಾಗಗಳ ಪ್ರವೇಶಕ್ಕೆ ಭಾಷಾ ಪರೀಕ್ಷೆ ಇರುತ್ತದೆ, ಅದರ ಅರ್ಜಿ ಸಾಮಾನ್ಯ ಲಿಸೆ ಪ್ರವೇಶಕ್ಕಿಂತ ಎಷ್ಟೋ ಮುಂಚೆ ಮುಗಿಯುತ್ತದೆ. ಈ ಉತ್ತರ ಓದಿದ ಕೂಡಲೇ ಮಾಡಬೇಕಾದ ಮೊದಲ ಫೋನ್ ಅದು.

ಇನ್ನು ಭಾರತ. ಇಲ್ಲಿ ಎಲ್ಲರೂ ಬೀಳುವ ಗುಂಡಿ ಬೇರೆ. ಬಾಕ್ ಮಾನ್ಯವೇ ಎಂದು ಕೇಳುತ್ತೀರಿ, ಮಗು ಯಾವ ವಿಷಯ ಓದಿದೆ ಎಂದು ಯಾರೂ ಕೇಳಿಕೊಳ್ಳುವುದಿಲ್ಲ. 2021ರಿಂದ ಬಂದ ಹೊಸ ಬಾಕ್‌ನಲ್ಲಿ ಪ್ರಮಿಯೆರ್‌ನಲ್ಲಿ (ಹನ್ನೊಂದನೆಯ ತರಗತಿ) ಮೂರು ವಿಶೇಷ ವಿಷಯಗಳು, ವಾರಕ್ಕೆ ನಾಲ್ಕು ನಾಲ್ಕು ಗಂಟೆ. ತೆರ್ಮಿನಾಲ್‌ಗೆ (ಹನ್ನೆರಡನೆಯ ತರಗತಿ) ಬರುವಾಗ ಒಂದನ್ನು ಬಿಡಬೇಕು, ಉಳಿದ ಎರಡಕ್ಕೆ ಆರಾರು ಗಂಟೆ. ಒಟ್ಟು 100ರ ತೂಕದಲ್ಲಿ ಈ ಎರಡಕ್ಕೇ 16ರಂತೆ 32. ಎಂಜಿನಿಯರಿಂಗ್ ಯೋಚನೆ ಇದ್ದರೆ ಗಣಿತ ಮತ್ತು ಭೌತ-ರಸಾಯನ ಕೊನೆಯವರೆಗೂ ಇರಲೇಬೇಕು, ಜೊತೆಗೆ ವಾರಕ್ಕೆ ಮೂರು ಗಂಟೆಯ ‘ಮಾತ್ ಎಕ್ಸ್‌ಪೆರ್ತ್’ ಐಚ್ಛಿಕ. ವೈದ್ಯಕೀಯಕ್ಕೆ ನೀಟ್ ಬರೆಯುವ ಆಸೆ ಇದ್ದರೆ ಭೌತ-ರಸಾಯನದ ಜೊತೆ ಜೀವ-ಭೂವಿಜ್ಞಾನ ಇರಬೇಕು. ಗಣಿತವನ್ನು ಮೂರು ಗಂಟೆಯ ಪೂರಕ ಐಚ್ಛಿಕವಾಗಿ ಉಳಿಸಿಕೊಳ್ಳಬಹುದು.

ನೀಟ್ ಮಾತು ಬಂತಲ್ಲ, ಐಬಿ ಭಕ್ತರು ಇದನ್ನೂ ಕೇಳಿಸಿಕೊಳ್ಳಲಿ. ನೀಟ್‌ಗೆ ಭೌತ, ರಸಾಯನ, ಜೀವ ಮೂರೂ ಓದಿರಬೇಕು. ಐಬಿಯ ಆರು ವಿಷಯಗಳ ಚೌಕಟ್ಟಿನಲ್ಲಿ ಸಾಮಾನ್ಯವಾಗಿ ಎರಡು ವಿಜ್ಞಾನಗಳಿಗೆ ಜಾಗ, ಅದೂ ಕಲಾ ವಿಷಯವನ್ನು ಬಿಟ್ಟುಕೊಟ್ಟರೆ. ಮೂರನೆಯದಕ್ಕೆ ಶಾಲೆಯ ಮೂಲಕ ಐಬಿ ಸಂಸ್ಥೆಯ ವಿಶೇಷ ಅನುಮತಿ ತರಬೇಕು, ಅದೂ ಕೋರ್ಸ್ ಶುರುವಾಗುವ ಮೊದಲು. ‘ಪ್ರಪಂಚದಲ್ಲೆಲ್ಲ ನಡೆಯುವ’ ಡಿಪ್ಲೊಮಾ ಹಿಡಿದು ಬಂದು, ಜೀವಶಾಸ್ತ್ರ ಇಲ್ಲವೆಂದು ಹದಿನೆಂಟನೆಯ ವಯಸ್ಸಿನಲ್ಲಿ ತಲೆ ಮೇಲೆ ಕೈ ಹೊತ್ತು ಕೂತ ಮಕ್ಕಳಿದ್ದಾರೆ. ಬಾಕ್‌ನಲ್ಲಿ ತೊಡಕು ಬೇರೆ ರೀತಿಯದು. ಭೌತ ಮತ್ತು ರಸಾಯನ ಒಂದೇ ವಿಷಯ, ಒಂದೇ ಅಂಕ. ಭಾರತದ ಫಾರಂಗಳಲ್ಲಿ ಎರಡು ಪ್ರತ್ಯೇಕ ಖಾನೆಗಳಿರುತ್ತವೆ. ಲಿಸೆಯ ಮುಖ್ಯಸ್ಥರಿಂದ ಎರಡೂ ವಿಷಯ ಕಲಿಸಿದ್ದೇವೆ ಎಂಬ ಮುದ್ರೆಯ ಪತ್ರವನ್ನು ಶಾಲೆ ಬಿಡುವ ಮೊದಲೇ ತೆಗೆದುಕೊಳ್ಳಿ. ಜುಲೈ ಮಧ್ಯದ ನಂತರ ಲಿಸೆಯ ಕಚೇರಿಯಲ್ಲಿ ಒಂದು ನೊಣವೂ ಸಿಗುವುದಿಲ್ಲ.

ಅಂಕದ ಲೆಕ್ಕ ಇನ್ನೂ ಒಂದು. ಒಂದು ಬುಲೆಟಿನ್, ಅಂದರೆ ಶಾಲೆಯ ಅಂಕಪಟ್ಟಿ, ಕೈಗೆ ಬರುತ್ತದೆ: ಗಣಿತ 20ಕ್ಕೆ 13.4, ತರಗತಿಯ ಸರಾಸರಿ 11.2, ಪಕ್ಕದಲ್ಲಿ ಶಿಕ್ಷಕರ ಷರಾ ‘ಗಂಭೀರ, ನಿಯಮಿತ ಶ್ರಮ, ಹೀಗೇ ಮುಂದುವರಿಯಲಿ’. ಫ್ರೆಂಚ್ ಅಮ್ಮ ಕೇಕ್ ಮಾಡುತ್ತಾಳೆ. ನಮ್ಮಮ್ಮ ಐದರಿಂದ ಗುಣಿಸಿ ‘ಅರವತ್ತೇಳು ಪರ್ಸೆಂಟಾ?’ ಎಂದು ಟ್ಯೂಷನ್ ಹುಡುಕುತ್ತಾಳೆ. 20ಕ್ಕೆ 10 ಪಾಸು, 12ಕ್ಕೆ, 14ಕ್ಕೆ, 16ಕ್ಕೆ ಒಂದೊಂದು ಮೆಚ್ಚುಗೆ. ಇದು 98 ಪರ್ಸೆಂಟ್ ಹಂಚುವ ಪದ್ಧತಿಯಲ್ಲ. ಆದರೆ ಭಾರತದ ನಿಯಮಕ್ಕೆ ಈ ಸಂಸ್ಕೃತಿ ಗೊತ್ತಿಲ್ಲ. ಜೆಇಇ ಮೂಲಕ ಎನ್‌ಐಟಿ, ಐಐಟಿ ಪ್ರವೇಶಕ್ಕೆ ಹನ್ನೆರಡನೆಯ ತರಗತಿಯಲ್ಲಿ ಶೇ 75, ಇಲ್ಲವೇ ಆಯಾ ಬೋರ್ಡಿನ ಮೊದಲ 20 ಪರ್ಸೆಂಟೈಲ್ ಬೇಕು. 75 ಅಂದರೆ 20ಕ್ಕೆ 15. ಫ್ರಾನ್ಸಿನಲ್ಲಿ 15 ತಮಾಷೆಯಲ್ಲ. ಭಾರತದ ಯೋಚನೆ ಗಾಳಿಮಾತಲ್ಲ ಎಂದಾದರೆ ಈ ಸಂಖ್ಯೆಯನ್ನು ಫ್ರಿಜ್ ಮೇಲೆ ಅಂಟಿಸಿ. ಜೆಇಇ ಪಠ್ಯವನ್ನಂತೂ ಬಾಕ್ ಮುಗಿಸುವುದಿಲ್ಲ, ಐಬಿಯೂ ಮುಗಿಸುವುದಿಲ್ಲ. ಅದಕ್ಕೆ ಬೇರೆ ಓದೇ ಬೇಕು. ಮಗಳಿಗೆ ಆ ಹಸಿವಿದೆಯೇ ಎಂದು ಅವಳನ್ನೇ ಕೇಳಿ. ನಿಮ್ಮ ಪತ್ರದಲ್ಲಿ ಅವಳ ಇಷ್ಟದ ಬಗ್ಗೆ ಒಂದು ವಾಕ್ಯವೂ ಇರಲಿಲ್ಲ ಎಂಬುದನ್ನು ಗಮನಿಸಿದೆ.

ಫ್ರಾನ್ಸಿನಲ್ಲೇ ಉಳಿದು ಪ್ರೆಪಾ, ಅಂದರೆ ಬಾಕ್ ನಂತರದ ಎರಡು ವರ್ಷದ ಪ್ರವೇಶ ತಯಾರಿ, ಸೇರಿ ಸ್ಪರ್ಧಾ ಪರೀಕ್ಷೆಯ ಮೂಲಕ ಸೀಟು ಸಿಗುವ ಗ್ರಾಂದ್ ಎಕೋಲ್‌ಗಳಿಗೆ ಹೋಗುವ ಸಾಧ್ಯತೆಯನ್ನು ನೀವು ಎತ್ತಿಲ್ಲ. ಗಣಿತದಲ್ಲಿ ಚುರುಕಿರುವ ಮಗುವಿಗೆ ಅದೇ ಎಲ್ಲಕ್ಕಿಂತ ಹತ್ತಿರದ ಬಾಗಿಲು. ಪ್ರೆಪಾದ ಗಣಿತ, ಬಾಕ್‌ನ ಗಣಿತ ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಶುರುವಾಗುತ್ತದೆ. ಎಂಜಿನಿಯರಿಂಗ್ ಪ್ರವೇಶ ಸ್ಪರ್ಧೆಗಳಲ್ಲಿ ಫ್ರೆಂಚ್-ತತ್ವಶಾಸ್ತ್ರದ ಲಿಖಿತ ಪತ್ರಿಕೆಯೂ ಇದೆ. ಎರಡು ವರ್ಷ ಇಂಗ್ಲಿಷ್ ಐಬಿಯಲ್ಲಿದ್ದು ಅಲ್ಲಿಗೆ ಬರುವವರು ಇಲ್ಲವೆಂದಲ್ಲ. ಆದರೆ ಕೈಯಲ್ಲಿದ್ದ ಫ್ರೆಂಚನ್ನು ದುಡ್ಡು ಕೊಟ್ಟು ಮೊಂಡು ಮಾಡಿಕೊಂಡು, ಆಮೇಲೆ ಮತ್ತೆ ಸಾಣೆ ಹಿಡಿಯುವ ಕೆಲಸ ಯಾಕೆ?

ಮಧ್ಯದಲ್ಲಿ ಮನಸ್ಸು ಬದಲಾಯಿಸುವುದಂತೂ ಬೇಡವೇ ಬೇಡ. ಐಬಿ ಡಿಪ್ಲೊಮಾ ಎರಡು ವರ್ಷದ ಒಂದೇ ಕೋರ್ಸ್. ಅದು ಪ್ರಮಿಯೆರ್, ತೆರ್ಮಿನಾಲ್‌ಗೆ ಸಮ. ಪ್ರಮಿಯೆರ್ ಮುಗಿಸಿ ಐಬಿಗೆ ಹಾರಿದರೆ ಒಂದು ವರ್ಷ ಹಿಂದಕ್ಕೆ. ಆ ಕಡೆಯಿಂದ ಈ ಕಡೆ ಬಂದರೆ ಪ್ರಮಿಯೆರ್ ಕೊನೆಯಲ್ಲಿ ಬರೆಯುವ ಫ್ರೆಂಚ್ ಪರೀಕ್ಷೆ, ಲಿಖಿತ ಮತ್ತು ಮೌಖಿಕ ಸೇರಿ 10ರ ತೂಕ, ತಪ್ಪಿರುತ್ತದೆ. 2026ರಿಂದ ಅದೇ ಹೊತ್ತಿಗೆ ಗಣಿತದ ಪತ್ರಿಕೆಯೂ ಸೇರಿದೆ.

ಪ್ರಶ್ನೆ: ಬಾಕ್‌ನಲ್ಲಿ ಎಲ್ಲರೂ ಪಾಸಾಗುತ್ತಾರಂತೆ. ಅಂಥ ಪರೀಕ್ಷೆಗೆ ಏನು ಬೆಲೆ?

ಉತ್ತರ: ಸಾಮಾನ್ಯ ವಿಭಾಗದಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಂದಿ ಪಾಸಾಗುತ್ತಾರೆ, ನಿಜ. ಪಾಸನ್ನು ಇಲ್ಲಿ ಯಾರೂ ನೋಡುವುದಿಲ್ಲ. ಪಾರ್ಕೂರ್‌ಸುಪ್ ಎಂಬ ಸರ್ಕಾರಿ ಜಾಲತಾಣದಲ್ಲಿ ಉನ್ನತ ಶಿಕ್ಷಣದ ಅರ್ಜಿ ಏಪ್ರಿಲ್ ಆರಂಭದಲ್ಲೇ ಮುಚ್ಚುತ್ತದೆ, ವಿಶೇಷ ವಿಷಯಗಳ ಪರೀಕ್ಷೆ ಜೂನ್‌ನಲ್ಲಿ. ಪ್ರವೇಶ ಸಮಿತಿಯ ಮುಂದೆ ಇರುವುದು ಪ್ರಮಿಯೆರ್ ಮತ್ತು ತೆರ್ಮಿನಾಲ್‌ನ ಬುಲೆಟಿನ್‌ಗಳು, ಶಿಕ್ಷಕರ ಷರಾ ಸಮೇತ. ಕೊನೆಯ ತಿಂಗಳು ರಾತ್ರಿಯಿಡೀ ಓದಿ ಎಲ್ಲ ಸರಿ ಮಾಡುತ್ತೇನೆ ಎನ್ನುವ ಪಿಯುಸಿ ಧೈರ್ಯ ಇಲ್ಲಿ ನಡೆಯುವುದಿಲ್ಲ.

ಪ್ರಶ್ನೆ: ಮಗ ಬೆಂಗಳೂರಿನಲ್ಲಿ ಹತ್ತನೆಯ ತರಗತಿ ಮುಗಿಸಿದ್ದಾನೆ. ಎರಡು ವರ್ಷದ ಕೆಲಸಕ್ಕೆ ಲಿಯೋಂಗೆ ಹೋಗುತ್ತಿದ್ದೇವೆ. ಫ್ರೆಂಚ್ ಬರುವುದಿಲ್ಲ. ಆರು ತಿಂಗಳಲ್ಲಿ ಕಲಿತುಬಿಡುತ್ತಾನೆ ಎನ್ನುತ್ತಾರೆ.

ಉತ್ತರ: ಬ್ರೆಡ್ ಕೊಳ್ಳುವಷ್ಟು ಕಲಿಯುತ್ತಾನೆ. ತತ್ವಶಾಸ್ತ್ರದ ನಾಲ್ಕು ಗಂಟೆಯ ಪತ್ರಿಕೆ ಬರೆಯುವಷ್ಟು ಅಲ್ಲ. ಹೊಸದಾಗಿ ಬಂದ ಮಕ್ಕಳಿಗೆ ಸರ್ಕಾರಿ ಶಾಲೆಗಳಲ್ಲಿ ಯುಪಿಇ2ಎ ಎಂಬ ಫ್ರೆಂಚ್ ತರಗತಿಗಳಿವೆ, ಒಳ್ಳೆಯವೇ. ಐದಾರು ವರ್ಷ ಇರುವವರಿಗೆ ಅದೇ ದಾರಿ. ನಿಮ್ಮ ಎರಡು ವರ್ಷಕ್ಕೆ ಐಬಿ ಸರಿ. ಫೀಸನ್ನು ಕಂಪನಿ ಕೊಡುವುದಾಗಿ ಕರಾರಿನಲ್ಲಿ ಬರೆಸಿಕೊಳ್ಳಿ, ಬಾಯಿಮಾತು ಬೇಡ. ಬರೆದುಕೊಡದಿದ್ದರೆ ಮಗ ಅಜ್ಜಿ ಮನೆಯಲ್ಲಿದ್ದು ಪಿಯುಸಿ ಮುಗಿಸಲಿ.

ಪ್ರಶ್ನೆ: ಐಬಿಯಲ್ಲಿ ಕನ್ನಡ ಸಾಹಿತ್ಯವನ್ನೇ ತೆಗೆದುಕೊಂಡರೆ ಸುಲಭವಾಗಿ 7ಕ್ಕೆ 7 ಸಿಗುತ್ತದಂತೆ?

ಉತ್ತರ: ಶಾಲೆಯಲ್ಲಿ ಕಲಿಸದ ಮಾತೃಭಾಷೆಯ ಸಾಹಿತ್ಯವನ್ನು ಸ್ವಂತ ಓದಿನಿಂದ, ಸ್ಟ್ಯಾಂಡರ್ಡ್ ಹಂತದಲ್ಲಿ ತೆಗೆದುಕೊಳ್ಳುವ ಅವಕಾಶವಿದೆ, ಬೇಡಿಕೆ ಶಾಲೆಯ ಮೂಲಕ ಮುಂಚೆಯೇ ಹೋಗಬೇಕು. ಮಗು ಕನ್ನಡ ಕಾದಂಬರಿ ಓದಿ ಅದರ ಮೇಲೆ ಕನ್ನಡದಲ್ಲೇ ವಿಮರ್ಶೆ ಬರೆಯಬಲ್ಲುದಾದರೆ ನನಗಿಂತ ಖುಷಿಪಡುವವರಿಲ್ಲ. ‘ಊಟ ಆಯ್ತಾ’ ಮಟ್ಟದ ಕನ್ನಡವಾದರೆ ಸುಮ್ಮನಿರಿ.

ಪ್ರಶ್ನೆ: ನಮ್ಮದು ಭಾರತದ ಪಾಸ್‌ಪೋರ್ಟ್. ಬಾಕ್ ಮಾಡಿದರೆ ಫ್ರೆಂಚ್ ವಿಶ್ವವಿದ್ಯಾಲಯದಲ್ಲಿ ಫೀಸು ಕಡಿಮೆ, ಐಬಿ ಮಾಡಿದರೆ ಜಾಸ್ತಿಯೇ?

ಉತ್ತರ: ಡಿಪ್ಲೊಮಾಕ್ಕೂ ಈ ಫೀಸಿಗೂ ಸಂಬಂಧವಿಲ್ಲ. ಯುರೋಪಿನ ಒಕ್ಕೂಟದ ಹೊರಗಿನವರಿಗೆ 2019ರಲ್ಲಿ ಪದವಿಗೆ ವರ್ಷಕ್ಕೆ 2,770 ಯೂರೊ ಎಂದು ಶುರು ಮಾಡಿದರು, ಆಮೇಲೆ ಅದು ಏರಿದೆ. ಮಗು ಎರಡು ವರ್ಷಕ್ಕಿಂತ ಹೆಚ್ಚು ಕಾಲ ಫ್ರಾನ್ಸಿನಲ್ಲಿ ತೆರಿಗೆ ಲೆಕ್ಕ ಸಲ್ಲಿಸುವ ಕುಟುಂಬದ ಪತ್ರದಲ್ಲಿ ಸೇರಿದ್ದರೆ ಸಾಮಾನ್ಯ ಶುಲ್ಕವೇ. ತೆರಿಗೆ ಪತ್ರಗಳನ್ನು ಎತ್ತಿಡಿ.

ಪ್ರಶ್ನೆ: ಎರಡನ್ನೂ ಒಟ್ಟಿಗೆ ಮಾಡಿಸಬಹುದೇ?

ಉತ್ತರ: ಮಗು ನಿದ್ದೆ ಮಾಡುವುದು ಬೇಡವೇ?

ಪ್ರಶ್ನೆ: ಒಬ್ಬ ಸಲಹೆಗಾರರು ಐಬಿಯಲ್ಲಿ 40ಕ್ಕೆ ಮೇಲೆ ಗ್ಯಾರಂಟಿ ಎನ್ನುತ್ತಾರೆ, ದೀರ್ಘ ಪ್ರಬಂಧಕ್ಕೂ ‘ಪೂರ್ತಿ ನೆರವು’ ಕೊಡುತ್ತಾರಂತೆ. ಅವರು ಹೇಳಿದ ಶಾಲೆಯೂ ಅಗ್ಗ. ನಂಬಬಹುದೇ?

ಉತ್ತರ: 45ಕ್ಕೆ 40 ಗ್ಯಾರಂಟಿ ಕೊಡುವ ಅಧಿಕಾರ ಐಬಿ ಸಂಸ್ಥೆಗೇ ಇಲ್ಲ. ‘ಪೂರ್ತಿ ನೆರವು’ ಎಂದರೆ ಬೇರೆಯವರು ಬರೆದುಕೊಡುವುದು. ಸಿಕ್ಕಿಬಿದ್ದರೆ ಡಿಪ್ಲೊಮಾವೇ ಹೋಗುತ್ತದೆ, ಸಲಹೆಗಾರನ ಕಮಿಷನ್ ಹೋಗುವುದಿಲ್ಲ. ಶಾಲೆ ಅಗ್ಗವಾಗಿರುವುದಕ್ಕೆ ಕಾರಣವನ್ನು ಐಬಿಯ ಸ್ವಂತ ಜಾಲತಾಣದಲ್ಲಿ ಹುಡುಕಿ. ಹೆಸರಿನ ಮುಂದೆ ‘ಅಭ್ಯರ್ಥಿ ಶಾಲೆ’ ಎಂದಿದ್ದರೆ ಅದು ಇನ್ನೂ ಮಾನ್ಯತೆಗಾಗಿ ಕಾಯುತ್ತಿದೆ, ಡಿಪ್ಲೊಮಾ ಕೋರ್ಸ್ ನಡೆಸುವ ಹಕ್ಕು ಅದಕ್ಕಿಲ್ಲ. ಮಾನ್ಯತೆ ಬಂದಿದ್ದರೂ ಅದು ಡಿಪ್ಲೊಮಾ ಹಂತಕ್ಕೋ, ಕೆಳಗಿನ ತರಗತಿಗಳಿಗೆ ಮಾತ್ರವೋ ಎಂದು ಆ ಪುಟದಲ್ಲೇ ಬರೆದಿರುತ್ತದೆ. ಮುಂಗಡ ಕೊಟ್ಟಾಗಿದ್ದರೆ ರಸೀದಿ ಹಿಡಿದು ಇವತ್ತೇ ವಾಪಸ್ ಕೇಳಿ.